ಹಕ್ಕಿ ಫೋಟೋ ತೆಗೆಯುವಾಗ ಮೊದಲು ಕಣ್ಣು ನೋಡಿ, ಫ್ರೇಮ್ ಆಮೇಲೆ

ಶಾರ್ಪ್ ಆಗಿದೆ, ಬಣ್ಣ ಚೆನ್ನಾಗಿ ಬಂದಿದೆ, ಹಿಂದಿನ ಬ್ಲರ್ ಕೂಡ ಸೊಗಸಾಗಿದೆ, ಆದ್ರೂ ಫೋಟೋದಲ್ಲಿ ಜೀವ ಇಲ್ಲ ಅನ್ಸುತ್ತಲ್ಲ, ಅಂಥ ಫೋಟೋನ ಇನ್ನೊಂದ್ಸಲ ದೊಡ್ಡದು ಮಾಡಿ ನೋಡಿ, ಬಹುಪಾಲು ಸಲ ಹಕ್ಕಿ ತಲೆ ನಮ್ಮಿಂದ ಒಂಚೂರು ಆಚೆ ತಿರುಗಿರುತ್ತೆ. ಆ ಒಂಚೂರಿಗೇ ಕಣ್ಣು ಗುಂಡಗೆ ಕಾಣೋದು ಹೋಗಿ ಮೊಟ್ಟೆ ಆಕಾರಕ್ಕೆ ಬರುತ್ತೆ, ಅದರ ಮೇಲಿನ ಹೊಳಪು ಮಾಯ ಆಗುತ್ತೆ, ಕೆನ್ನೆ ಕಡೆಯ ಪುಕ್ಕಗಳೇ ಎದ್ದು ಕಾಣುತ್ತೆ. ಲೆನ್ಸ್ ಎಷ್ಟು ದುಬಾರಿ ಆಗಿದ್ರೂ ಇದನ್ನ ಸರಿಮಾಡಕ್ಕಾಗಲ್ಲ. ಅದಕ್ಕೇ ಕಂಪೋಸಿಶನ್ (ಫ್ರೇಮಲ್ಲಿ ಯಾವುದನ್ನ ಎಲ್ಲಿಡಬೇಕು ಅನ್ನೋದು) ರೂಲ್‌ಗಳನ್ನೆಲ್ಲ ಕಲಿಯೋಕೆ ಮುಂಚೆ ಹಕ್ಕಿ ಕಣ್ಣನ್ನ ಓದೋದು ಕಲೀಬೇಕು ಅಂತ ನಾನು ಎಲ್ಲರಿಗೂ ಹೇಳೋದು. ಫ್ರೇಮಲ್ಲಿ ಜಾಗ ಎಲ್ಲಿ ಬಿಡ್ಬೇಕು, ಅಡ್ಡ ಹಿಡೀಬೇಕಾ ಉದ್ದ ಹಿಡೀಬೇಕಾ, ಯಾವಾಗ ಬಟನ್ ಒತ್ಬೇಕು, ಇದೆಲ್ಲ ಹಕ್ಕಿ ಎಲ್ಲಿ ನೋಡ್ತಿದೆ ಅನ್ನೋದರ ಮೇಲೇ ನಿಂತಿರುತ್ತೆ.

ತಲೆ ಎಷ್ಟು ತಿರುಗಿರಬೇಕು

ನಾವು ತಲೆ ಅಲ್ಲಾಡಿಸದೇನೇ ಕಣ್ಣುಗುಡ್ಡೆ ಮಾತ್ರ ಆಕಡೆ ಈಕಡೆ ಹೊರಳಿಸಿ ನೋಡ್ತೀವಿ. ಹೆಚ್ಚಿನ ಹಕ್ಕಿಗಳಿಗೆ ಅಷ್ಟು ಹೊರಳಿಸೋಕೆ ಆಗಲ್ಲ, ಗೂಬೆಗಂತೂ ಕಣ್ಣು ಕೊಳವೆ ಆಕಾರದಲ್ಲಿದ್ದು ಹೆಚ್ಚುಕಮ್ಮಿ ಅಲ್ಲೇ ಕೂತಿರುತ್ತೆ, ಅದಕ್ಕೇ ಅದು ಕತ್ತನ್ನ ಒಂದು ಕಡೆಗೆ 270 ಡಿಗ್ರಿವರೆಗೂ ತಿರುಗಿಸುತ್ತೆ. ಹಾಗಾಗಿ ಹಕ್ಕಿ ನೋಟ ಬದಲಾಗೋದು ತಲೆ ತಿರುಗಿದಾಗ. ನಾವು ಕಾಯಬೇಕಾಗಿರೋದೂ ತಲೆಗೇ.

ಗೂಬೆ ಬಿಟ್ರೆ ಬಹಳಷ್ಟು ಹಕ್ಕಿಗಳಿಗೆ ಕಣ್ಣು ತಲೆಯ ಎರಡು ಪಕ್ಕದಲ್ಲಿರುತ್ತೆ, ಆದ್ರೆ ಪೂರ್ತಿ ಪಕ್ಕಕ್ಕಲ್ಲ, ಸ್ವಲ್ಪ ಮುಂದಕ್ಕೆ ವಾಲಿರುತ್ತೆ. ಹಕ್ಕಿ ನಮಗೆ ಪಕ್ಕಾ ಅಡ್ಡಡ್ಡ ನಿಂತಿದ್ದಾಗ, ಅಂದ್ರೆ ಕೊಕ್ಕು ಸರಿಯಾಗಿ ಎಡಕ್ಕೋ ಬಲಕ್ಕೋ ಇದ್ದಾಗ, ಕಣ್ಣು ಚೆನ್ನಾಗೇ ಕಾಣುತ್ತೆ, ಆದ್ರೆ ಕೊಕ್ಕಿನ ತುದಿ ಅಲ್ಲಿಂದ ಒಂದು ಐದೋ ಹತ್ತೋ ಡಿಗ್ರಿ ನಮ್ಮ ಕಡೆಗೆ ಬಂತು ಅಂದ್ರೆ ಕಣ್ಣು ನೇರ ಲೆನ್ಸ್ ಕಡೆಗೆ ತೆರ್ಕೊಳ್ಳುತ್ತೆ. ನೋಡಿದ ತಕ್ಷಣ ನಿಮಗೇ ಗೊತ್ತಾಗುತ್ತೆ, ಕಣ್ಣು ಪೂರ್ತಿ ಗುಂಡಗೆ ಆಗುತ್ತೆ. ಫೀಲ್ಡಲ್ಲಿ ಇದೇ ನಿಮ್ಮ ಅಳತೆ, ಡಿಗ್ರಿ ಲೆಕ್ಕ ಮರೆತುಬಿಡಿ, ಕಣ್ಣು ಗುಂಡಗಿದ್ರೆ ಒತ್ತಿ, ಮೊಟ್ಟೆ ಆಕಾರ ಇದ್ರೆ ಬೆರಳು ತಡೀರಿ.

ಮೈ ಹೇಗಿರಬೇಕು ಅಂದ್ರೆ, ಮೈ ಕ್ಯಾಮೆರಾದೊಳಗಿನ ಸೆನ್ಸರ್‌ಗೆ ಸಮಾನಾಂತರವಾಗಿ ಅಡ್ಡ ಇದ್ದು ತಲೆ ಮಾತ್ರ ನಮ್ಮ ಕಡೆ ಒಂಚೂರು ವಾಲಿರೋದು ಎಲ್ಲಕ್ಕಿಂತ ನಂಬಿಕಸ್ಥ ಭಂಗಿ. ಕಣ್ಣಿಂದ ಬಾಲದವರೆಗೂ ಒಂದೇ ದೂರದಲ್ಲಿರೋದರಿಂದ ಫೋಕಸ್ ಎಲ್ಲಾ ಕಡೆ ಸಿಗುತ್ತೆ. ಇನ್ನೊಂದು ನನಗೆ ತುಂಬಾ ಇಷ್ಟವಾದದ್ದು, ಬೆನ್ನು ನಮ್ಮ ಕಡೆ ಹಾಕಿ ಕೂತ ಹಕ್ಕಿ ಹೆಗಲ ಮೇಲಿಂದ ಹಿಂತಿರುಗಿ ನೋಡೋದು. ಮಿಂಚುಳ್ಳಿಯಂಥ ಹಕ್ಕಿಗಳ ಹೊಳೆಯೋ ನೀಲಿ ಇರೋದು ಬೆನ್ನ ಮೇಲೇನೇ, ಆ ನೀಲಿ ಮತ್ತೆ ಕಣ್ಣು ಎರಡೂ ಒಂದೇ ಫ್ರೇಮಲ್ಲಿ ಸಿಗೋದು ಈ ಭಂಗಿಯಲ್ಲೇ. ಬೆನ್ನು ಕಾಣ್ತಿದೆ ಅಂತ ಕ್ಯಾಮೆರಾ ಕೆಳಗಿಟ್ಟುಬಿಡಬೇಡಿ, ಕಾಯಿರಿ.

ಇನ್ನು ಎರಡೂ ಕಣ್ಣು ಕಾಣೋ ಹಾಗೆ ನೇರ ಮುಖಾಮುಖಿ. ಗೂಬೆಗೆ ಇದು ಹೇಳಿ ಮಾಡಿಸಿದ್ದು, ಹದ್ದು ಗಿಡುಗಗಳಿಗೂ ಹುಬ್ಬು ಮುಂದಕ್ಕಿರೋದರಿಂದ ಭರ್ಜರಿಯಾಗಿ ಕಾಣುತ್ತೆ. ಉದ್ದ ಕೊಕ್ಕಿನ ಹಕ್ಕಿಗಳಿಗೆ ಮಾತ್ರ ಕಷ್ಟ, ಕೊಕ್ಕು ನೇರ ಲೆನ್ಸ್ ಕಡೆ ಬಂದು ಕುಗ್ಗಿ ಹೋಗಿ ಒಂದು ಚುಕ್ಕೆ ಥರ ಆಗುತ್ತೆ, ಆಟೋಫೋಕಸ್ಸೂ ಕೊಕ್ಕಿನ ತುದೀನೇ ಹಿಡ್ಕೊಳ್ಳುತ್ತೆ. ಬೆಳ್ಳಕ್ಕಿ, ಕೊಕ್ಕರೆಗಳನ್ನ ಮುಖಾಮುಖಿ ತೆಗೆಯೋದಾದ್ರೆ ತಲೆ ಒಂದು ಪಕ್ಕಕ್ಕೆ ಸ್ವಲ್ಪ ಓರೆ ಆದ ಕ್ಷಣ ನೋಡ್ಕೊಳ್ಳಿ, ಕೊಕ್ಕಿನ ಉದ್ದ ಗೊತ್ತಾಗುತ್ತೆ.

ರೆಪ್ಪೆ ವಿಷ್ಯ ಒಂದು ಮಾತು. ಹಕ್ಕಿಗಳಿಗೆ ಮೂರನೇ ರೆಪ್ಪೆ ಇದೆ, ಅರೆಪಾರದರ್ಶಕ ಪೊರೆ, ಮೂಗಿನ ಕಡೆಯಿಂದ ಅಡ್ಡ ಸರಿದು ಕಣ್ಣನ್ನ ಒರೆಸಿ ಹೋಗುತ್ತೆ, ಅದು ಬಿದ್ದ ಫ್ರೇಮಲ್ಲಿ ಕಣ್ಣು ಹಾಲು ಹಾಲಾಗಿ ಕುರುಡು ಕಂಡಂಗೆ ಕಾಣುತ್ತೆ. ಫೋಕಸ್ ತಪ್ತು ಅಂತ ಗಾಬರಿ ಆಗೋದು ಬೇಡ. ಅದು ಸರಿಯೋದು ಕಣ್ಣು ಮಿಟುಕಿಸೋ ವೇಗದಲ್ಲಿ, ವ್ಯೂಫೈಂಡರಲ್ಲಿ ನೋಡಿ ತಪ್ಪಿಸ್ಕೊಳ್ಳಕ್ಕಾಗಲ್ಲ, ತಲೆ ತಿರುಗಿದ ತಕ್ಷಣ ಮೂರ್ನಾಲ್ಕು ಫ್ರೇಮಿನ ಸಣ್ಣ ಬರ್ಸ್ಟ್ (ಒಂದರ ಹಿಂದೊಂದು ಬೇಗ ಬೇಗ ತೆಗೆಯೋದು) ಹೊಡೆದ್ರೆ ಒಂದರಲ್ಲಾದ್ರೂ ಕಣ್ಣು ಶುಭ್ರವಾಗಿ ಸಿಗುತ್ತೆ. ಉದ್ದುದ್ದ ಬರ್ಸ್ಟ್ ಹೊಡೀತಾ ಕೂತ್ರೆ ಫೋಟೋಗಳನ್ನ ತಾತ್ಕಾಲಿಕವಾಗಿ ಹಿಡಿದಿಡೋ ಮೆಮೊರಿ, ಅಂದ್ರೆ ಬಫರ್, ತುಂಬಿ ಒಳ್ಳೆ ಕ್ಷಣ ಬಂದಾಗಲೇ ಕ್ಯಾಮೆರಾ ನಿಂತುಹೋಗುತ್ತೆ.

ಕಣ್ಣಲ್ಲಿ ಬೆಳಕಿನ ಚುಕ್ಕಿ

ಕಣ್ಣಲ್ಲಿ ಕಾಣೋ ಆ ಸಣ್ಣ ಬಿಳಿ ಹೊಳಪು, ಅದೇ ಕ್ಯಾಚ್‌ಲೈಟ್, ಇಲ್ಲದೇ ಹೋದ್ರೆ ಕಪ್ಪು ಕಣ್ಣಿನ ಹಕ್ಕಿ ಸತ್ತಂಗೆ ಕಾಣುತ್ತೆ. ಕೆಂಪು ಕಣ್ಣು ಹಳದಿ ಕಣ್ಣು ಇದ್ದವಕ್ಕೆ ಬಣ್ಣವೇ ಸ್ವಲ್ಪ ಕಾಪಾಡುತ್ತೆ, ಆದ್ರೆ ಕಪ್ಪು ತಲೆಯಲ್ಲಿ ಕಪ್ಪು ಕಣ್ಣು ಅಂದ್ರೆ ಕಣ್ಣು ಎಲ್ಲಿದೆ ಅಂತಾನೇ ಗೊತ್ತಾಗಲ್ಲ, ಆ ಚುಕ್ಕಿಯೊಂದೇ ಗುರುತು. ಇದು ಸಿಗೋದಕ್ಕೆ ಸುಲಭ ದಾರಿ ಏನಂದ್ರೆ ಸೂರ್ಯ ನಿಮ್ಮ ಬೆನ್ನ ಹಿಂದಿರಬೇಕು, ಕೆಳಗಿರಬೇಕು. ನಿಮ್ಮ ನೆರಳು ಹಕ್ಕಿ ಕಡೆಗೆ ಉದ್ದಕ್ಕೆ ಬಿದ್ದಿದ್ರೆ ಜಾಗ ಸರಿಯಾಗಿದೆ ಅಂತ ಅರ್ಥ. ನೆತ್ತಿ ಮೇಲಿನ ಬಿಸಿಲಲ್ಲಿ ಹುಬ್ಬಿನ ನೆರಳು ಕಣ್ಣ ಮೇಲೇ ಬೀಳುತ್ತೆ, ಅದರಲ್ಲೂ ಹದ್ದು ಗಿಡುಗಗಳಿಗೆ. ಮೋಡ ಕವಿದ ದಿನ ಇಡೀ ಆಕಾಶವೇ ಬೆಳಕು ಕೊಡೋದರಿಂದ ಮಧ್ಯಾಹ್ನ ಕೂಡ ಕೆಲ್ಸ ಆಗುತ್ತೆ, ಚುಕ್ಕಿ ದೊಡ್ಡದಾಗಿ ಮೆತ್ತಗೆ ಬರುತ್ತೆ, ಬಿಳಿ ಹಕ್ಕಿಗಳಿಗಂತೂ ಅಂಥ ದಿನವೇ ವಾಸಿ.

ನೀರಿನ ಪಕ್ಕ, ತಿಳಿ ಬಣ್ಣದ ಮರಳಿನ ಮೇಲೆ ಇರೋ ಹಕ್ಕಿಗಳಿಗೆ ಕೆಳಗಿನಿಂದಲೂ ಬೆಳಕು ಪುಟಿದು ಕಣ್ಣಿಗೆ ಬರುತ್ತೆ, ಇದನ್ನ ಉಪಯೋಗಿಸ್ಕೊಳ್ಳಿ. ಫ್ಲ್ಯಾಶ್ ಹಾಕಿ ಹೊಳಪು ತರೋದು ನನಗೆ ಸರಿ ಅನ್ಸಲ್ಲ, ಅದರಲ್ಲೂ ರಾತ್ರಿ ಹಕ್ಕಿಗಳಿಗೆ ಬೇಡವೇ ಬೇಡ, ಕತ್ತಲಿಗೆ ಹೊಂದ್ಕೊಂಡ ಕಣ್ಣಿಗೆ ತೊಂದ್ರೆ ಕೊಡೋದು ಒಂದು ಕಡೆ, ಫ್ಲ್ಯಾಶ್ ಬೆಳಕು ಕಣ್ಣೊಳಗಿಂದ ವಾಪಸ್ ಬಂದು ಫೋಟೋದಲ್ಲಿ ಕಣ್ಣು ಕೆಂಡದ ಥರ ಉರಿಯೋದು ಇನ್ನೊಂದು ಕಡೆ.

ಕಣ್ಣಿನ ಮಟ್ಟಕ್ಕೆ ಇಳೀರಿ

ನಿಂತ್ಕೊಂಡು ನೆಲದ ಹಕ್ಕಿ ಫೋಟೋ ತೆಗೆದ್ರೆ ಬೆನ್ನು ಕಾಣುತ್ತೆ, ನೆಲ ಕಾಣುತ್ತೆ, ಕಣ್ಣು ಮೇಲಿಂದ ಕಾಣುತ್ತೆ. ಅದೇ ಹಕ್ಕಿ, ಅದೇ ಜಾಗ, ನೀವು ಹೊಟ್ಟೆ ಮೇಲೆ ಮಲಗಿ ಲೆನ್ಸನ್ನ ನೆಲದಿಂದ ಒಂದು ಗೇಣಿನಷ್ಟು ಎತ್ತರಕ್ಕೆ ತಂದ್ರೆ ಫೋಟೋನೇ ಬೇರೆ. ಹಕ್ಕಿ ನೋಡೋ ಪ್ರಪಂಚ ಕಾಣುತ್ತೆ, ಜೊತೆಗೆ ಹಿಂದಿನ ನೆಲ ಫ್ರೇಮಿಂದ ಹೋಗಿ ದೂರದ ಗಿಡಮರ ಬ್ಯಾಕ್‌ಗ್ರೌಂಡ್ ಆಗುತ್ತೆ, ದೂರ ಇರೋದರಿಂದ ತಾನಾಗೇ ಬ್ಲರ್ ಆಗುತ್ತೆ. ಎಫ್4 ಲೆನ್ಸ್ ಕೊಡದ ಬ್ಯಾಕ್‌ಗ್ರೌಂಡನ್ನ ಎಫ್6.3 ಲೆನ್ಸಲ್ಲೇ ಮಲಗಿ ತೆಗೀಬಹುದು (ಎಫ್ ಸಂಖ್ಯೆ ಚಿಕ್ಕದಿದ್ದಷ್ಟೂ ಲೆನ್ಸಿನ ಕಿಂಡಿ ದೊಡ್ಡದು, ಬ್ಲರ್ ಜಾಸ್ತಿ), ಇದು ಉತ್ಪ್ರೇಕ್ಷೆ ಅಲ್ಲ. ಮಡಚೋ ಸ್ಕ್ರೀನ್ ಇದ್ರೆ ಕತ್ತು ನೋವೂ ತಪ್ಪುತ್ತೆ. ಬೀನ್‌ಬ್ಯಾಗ್ ಮೇಲೆ ಲೆನ್ಸ್ ಇಟ್ಕೊಂಡ್ರೆ ಕೈಗೆ ಆರಾಮ.

ಮರದ ಮೇಲಿನ ಹಕ್ಕಿಗೆ ಉಲ್ಟಾ ಸಮಸ್ಯೆ, ಕೆಳಗಿಂದ ಹೊಟ್ಟೆ ಮಾತ್ರ ಕಾಣುತ್ತೆ. ಹತ್ರ ಹೋದಷ್ಟೂ ಕೆಡುತ್ತೆ. ಲೆಕ್ಕ ನೋಡಿ, ಹಕ್ಕಿ ನಿಮ್ಮ ಕ್ಯಾಮೆರಾಗಿಂತ 6 ಮೀಟರ್ ಮೇಲಿದೆ ಅಂದ್ಕೊಳ್ಳಿ, 10 ಮೀಟರ್ ದೂರದಿಂದ ಲೆನ್ಸನ್ನ ಸುಮಾರು 31 ಡಿಗ್ರಿ ಮೇಲಕ್ಕೆತ್ತಬೇಕು, 30 ಮೀಟರ್‌ಗೆ ಹಿಂದೆ ಸರಿದ್ರೆ ಬರೀ 11 ಡಿಗ್ರಿ ಸಾಕು. ಹಕ್ಕಿ ಚಿಕ್ಕದಾಗುತ್ತೆ ನಿಜ, ಆದ್ರೆ ನೋಟ ನೇರ ಆಗುತ್ತೆ, ಹಕ್ಕಿಗೂ ನೆಮ್ಮದಿ. ಪಕ್ಕದಲ್ಲಿ ದಿಬ್ಬ, ಏರು ಇದ್ರೆ ಅಲ್ಲಿಂದ ಪ್ರಯತ್ನ ಮಾಡಿ.

ಫೋಕಸ್ ಕಣ್ಣ ಮೇಲೇ

ಉದ್ದ ಲೆನ್ಸಲ್ಲಿ ಹತ್ತಿರದಿಂದ ತೆಗೆದಾಗ ಫೋಕಸ್ ಆಳ, ಅಂದ್ರೆ ಹಿಂದೆ ಮುಂದೆ ಶಾರ್ಪ್ ಆಗಿ ಕಾಣೋ ಜಾಗ, ಎಷ್ಟು ಕಮ್ಮಿ ಅಂತ ಸುಮಾರು ಜನಕ್ಕೆ ಅಂದಾಜಿರಲ್ಲ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರೋ) ಕ್ಯಾಮೆರಾದಲ್ಲಿ 500 ಎಂಎಂ, ಎಫ್5.6, 10 ಮೀಟರ್ ದೂರ ಅಂದ್ರೆ ಸುಮಾರು 13 ಸೆಂಟಿಮೀಟರ್ ಸಿಗುತ್ತೆ, 600 ಎಂಎಂ ಎಫ್4ನಲ್ಲಿ 8 ಮೀಟರ್ ಅಂದ್ರೆ ಸುಮಾರು 4 ಸೆಂಟಿಮೀಟರ್ ಅಷ್ಟೇ. ರೆಕ್ಕೆ ಮೇಲೆ ಫೋಕಸ್ ಕೂತ್ರೆ ಕಣ್ಣು ಹೋಯ್ತು. ಬಾಲ ಮಸುಕಾದ್ರೆ ಯಾರೂ ಕೇಳಲ್ಲ, ಕಣ್ಣು ಮಸುಕಾದ್ರೆ ಫೋಟೋ ಮುಗೀತು.

2020ರಲ್ಲಿ ಬಂದ ಕ್ಯಾನನ್ ಆರ್5, 2021ರಲ್ಲಿ ಬಂದ ಸೋನಿ ಆಲ್ಫಾ 1, ನಿಕಾನ್ ಝೆಡ್9, ಇವುಗಳ ಕಾಲದಿಂದ ಕ್ಯಾಮೆರಾನೇ ಹಕ್ಕಿ ಕಣ್ಣು ಹುಡುಕೋದು ಮಾಮೂಲಾಗಿದೆ, ತುಂಬಾ ದೊಡ್ಡ ಸಹಾಯ ಅದು, ಯಾಕಂದ್ರೆ ನಿಮ್ಮ ಗಮನ ಫ್ರೇಮ್ ಕಡೆಗೆ ಕೊಡಬಹುದು. ಆದ್ರೆ ಕಡ್ಡಿ, ಹುಲ್ಲಿನ ನಡುವೆ ಇರೋ ಹಕ್ಕಿಗೆ ಇಡೀ ಫ್ರೇಮ್ ಹುಡುಕೋಕೆ ಬಿಡಬೇಡಿ, ಸಣ್ಣ ಫೋಕಸ್ ಜೋನ್ ಆರಿಸಿ ಅದನ್ನ ತಲೆ ಮೇಲೆ ಇಟ್ಕೊಳ್ಳಿ, ಅಲ್ಲಿಂದ ಕ್ಯಾಮೆರಾ ಕಣ್ಣು ಹಿಡಿಯುತ್ತೆ. ಹಳೇ ಡಿಎಸ್ಎಲ್ಆರ್ (ಒಳಗೆ ಕನ್ನಡಿ ಇರೋ ಕ್ಯಾಮೆರಾ) ಇದ್ದೋರು ಬೇಜಾರ್ ಮಾಡ್ಕೋಬೇಡಿ, ಒಂದೇ ಫೋಕಸ್ ಪಾಯಿಂಟ್ ಆಯ್ಕೆ ಮಾಡಿ ಹಕ್ಕಿ ಬಲಕ್ಕೆ ನೋಡ್ತಿದ್ರೆ ಪಾಯಿಂಟನ್ನ ಮುಂಚೇನೇ ಫ್ರೇಮಿನ ಎಡ ಮೇಲ್ಭಾಗಕ್ಕೆ ತಂದಿಟ್ಕೊಳ್ಳಿ, ಎಡಕ್ಕೆ ನೋಡ್ತಿದ್ರೆ ಬಲ ಮೇಲಕ್ಕೆ. ಮಧ್ಯದಲ್ಲಿ ಫೋಕಸ್ ಮಾಡಿ ಆಮೇಲೆ ಕ್ಯಾಮೆರಾ ತಿರುಗಿಸೋ ಅಭ್ಯಾಸ ಇಷ್ಟು ಕಮ್ಮಿ ಆಳದಲ್ಲಿ ಕೈ ಕೊಡುತ್ತೆ.

ಶಟರ್ ಸ್ಪೀಡ್ ಬಗ್ಗೆ ಚಿಕ್ಕದಾಗಿ: ಸುಮ್ಮನೆ ಕೂತ ಹಕ್ಕಿಗೂ 1/500 ಸೆಕೆಂಡಿಗಿಂತ ನಿಧಾನಕ್ಕೆ ಹೋಗೋಕೆ ನಾನು ಹಿಂಜರೀತೀನಿ, ತಲೆ ಆಡಿಸೋ ವೇಗ ಅಷ್ಟಿರುತ್ತೆ. ಒಂದು ಕಡೆ ನಿಲ್ಲದೇ ಜಿಗಿದಾಡೋ ಸೂರಕ್ಕಿಯಂಥವಕ್ಕೆ 1/1250, ಹಾರಾಟಕ್ಕೆ 1/2000 ಮತ್ತೆ ಅದರ ಮೇಲೆ. ಐಎಸ್ಒ, ಅಂದ್ರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್, ಆಟೋಗೆ ಬಿಡಿ. ನಡೆಯೋ ಹಕ್ಕಿಗಳಲ್ಲಿ ಒಂದು ಸ್ವಾರಸ್ಯ ಇದೆ, ಪಾರಿವಾಳ ತಲೆ ಕುಕ್ಕುತ್ತಾ ನಡೆಯುತ್ತಲ್ಲ, ನಿಜವಾಗಿ ಅದು ತಲೆ ಮುಂದಕ್ಕೆ ಚಾಚಿ, ಮೈ ಬಂದು ಸೇರೋವರೆಗೂ ತಲೆಯನ್ನ ಅಲ್ಲೇ ನಿಲ್ಲಿಸಿರುತ್ತೆ. ಆ ನಿಂತ ಕ್ಷಣದಲ್ಲಿ ಕಣ್ಣು ಕಡಿಮೆ ಸ್ಪೀಡಲ್ಲೂ ಶಾರ್ಪ್ ಸಿಗುತ್ತೆ. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡೀತಾ ನಿಲ್ಲೋ ಕಪ್ಪುಬಿಳಿ ಮಿಂಚುಳ್ಳಿಗೂ ಹಾಗೇನೇ, ರೆಕ್ಕೆ ಎಷ್ಟು ಬಡಿದ್ರೂ ತಲೆ ಅಲ್ಲಾಡಲ್ಲ.

ನೋಟ ಇದ್ದ ಕಡೆ ಜಾಗ

ಈಗ ಕಂಪೋಸಿಶನ್. ಮೂರರ ನಿಯಮ ಎಲ್ಲರಿಗೂ ಗೊತ್ತು, ಫ್ರೇಮನ್ನ ಅಡ್ಡ ಮೂರು ಉದ್ದ ಮೂರು ಭಾಗ ಮಾಡಿ ಗೆರೆ ಸೇರೋ ಕಡೆ ಮುಖ್ಯ ವಿಷಯ ಇಡೋದು. ಇದಕ್ಕೆ ಆ ಹೆಸರಿಟ್ಟು ಬರೆದಿದ್ದು 1797ರಲ್ಲಿ ಜಾನ್ ಥಾಮಸ್ ಸ್ಮಿತ್ ಅನ್ನೋ ಇಂಗ್ಲಿಷ್ ಕಲಾವಿದ, ಅವನು ಮಾತಾಡ್ತಿದ್ದಿದ್ದು ನಿಸರ್ಗದೃಶ್ಯದ ಚಿತ್ರಗಳ ಬಗ್ಗೆ, ಆಕಾಶ ಎಷ್ಟು ನೆಲ ಎಷ್ಟು ಅಂತ. ಅಲ್ಲಿ ಕಣ್ಣು, ನೋಟ ಅನ್ನೋದೇ ಇರಲಿಲ್ಲ. ಹಕ್ಕಿಗೆ ಅದನ್ನ ಹಾಗೇ ತಂದು ಹಾಕೋಕೆ ಬರಲ್ಲ, ನೋಟದ ದಿಕ್ಕು ಸೇರಿಸ್ಕೋಬೇಕು. ಹಕ್ಕಿ ಬಲಕ್ಕೆ ನೋಡ್ತಿದ್ರೆ ಕಣ್ಣು ಎಡದ ಮೂರನೇ ಒಂದು ಭಾಗದ ಗೆರೆ ಹತ್ರ, ಬಲಗಡೆ ಖಾಲಿ. ಮೈ ಒಂದು ಕಡೆ, ತಲೆ ಇನ್ನೊಂದು ಕಡೆ ಇದ್ರೆ? ತಲೆ ಮಾತೇ ಗೆಲ್ಲೋದು, ಕೂತ ಹಕ್ಕಿಗೆ ಕಣ್ಣು ನೋಡೋ ಕಡೆಗೇ ಜಾಗ. ಕೆಳಗೆ ನೀರನ್ನ ನೋಡ್ತಾ ಮೀನಿಗೆ ಕಾಯ್ತಿರೋ ಮಿಂಚುಳ್ಳಿಗೆ ಜಾಗ ಬೇಕಾಗಿರೋದು ಪಕ್ಕಕ್ಕಿಂತ ಕೆಳಗೆ, ಕ್ಯಾಮೆರಾ ಉದ್ದ ಹಿಡೀರಿ.

ನೇರ ನಿಮ್ಮನ್ನೇ ನೋಡ್ತಿರೋ ಗೂಬೆಗೆ ಪಕ್ಕದಲ್ಲಿ ಜಾಗ ಬಿಡೋಕೆ ಕಾರಣವೇ ಇಲ್ಲ, ನಡುಮಧ್ಯ ಇಟ್ಟುಬಿಡಿ. ಮಧ್ಯ ಇಡಬಾರದು ಅಂತ ಹೇಳೋರ ಮಾತು ಇಲ್ಲಿ ಕೇಳಬೇಕಿಲ್ಲ. ತಲೆ ಮಾತ್ರ ತುಂಬೋ ಕ್ಲೋಸಪ್ಪಲ್ಲಿ ಕಣ್ಣು ಫ್ರೇಮಿನ ಮೇಲಿನ ಅರ್ಧದಲ್ಲಿದ್ರೆ ಸಾಕು.

ಅಂಚುಗಳನ್ನ ನೋಡೋ ಅಭ್ಯಾಸ ಮಾಡ್ಕೊಳ್ಳಿ. ಬಾಲದ ತುದಿ ಕತ್ತರಿಸಿರೋದು, ಬೆರಳು ಅರ್ಧ ಹೋಗಿರೋದು, ನೀರಲ್ಲಿ ನಿಂತ ಹಕ್ಕಿಯ ಪ್ರತಿಬಿಂಬದ ತಲೆ ಹೋಗಿರೋದು, ಇವು ತೆಗೆಯುವಾಗ ಕಾಣಲ್ಲ, ಮನೇಲಿ ಕೂತಾಗ ಕಾಣುತ್ತೆ. ಕತ್ತರಿಸೋದಾದ್ರೆ ಧೈರ್ಯವಾಗಿ ಎದೆ ಮಟ್ಟಕ್ಕೆ ಕತ್ತರಿಸಿ, ಅದು ಬೇಕಂತ ಮಾಡಿದ್ದು ಅಂತ ಗೊತ್ತಾಗುತ್ತೆ. ಕಾಲು ನೀರೊಳಗಿದ್ರೂ ಆ ಕಾಲಿಗೆ ಜಾಗ ಬಿಡಿ, ಇಲ್ಲಾಂದ್ರೆ ಹಕ್ಕಿ ಫ್ರೇಮಿನ ಅಂಚಿನ ಮೇಲೆ ಕೂತಂಗಿರುತ್ತೆ.

ಬ್ಯಾಕ್‌ಗ್ರೌಂಡ್ ನೋಡೋವಾಗಲೂ ಕಣ್ಣಿಂದಲೇ ಶುರು ಮಾಡಿ. ಕಣ್ಣಿನ ಹಿಂದೆ, ತಲೆಯ ಸುತ್ತ ಏನಿದೆ? ಕೊಂಬೆಯೊಂದು ತಲೆಯಿಂದ ಹುಟ್ಟಿದಂಗಿದೆಯಾ, ನೀರು ನೆಲ ಸೇರೋ ಗೆರೆ ಕತ್ತನ್ನ ಕೊಯ್ದಂಗೆ ಹೋಗಿದೆಯಾ, ಎಲೆಗಳ ಸಂದಿಯ ಬಿಳಿ ಆಕಾಶ ಕಣ್ಣಿಗಿಂತ ಜಾಸ್ತಿ ಹೊಳೀತಿದೆಯಾ. ಒಂದು ಹೆಜ್ಜೆ ಎಡಕ್ಕೋ ಬಲಕ್ಕೋ ಜರುಗಿದ್ರೆ ಹಕ್ಕಿ ಅಷ್ಟೇನೂ ಬದಲಾಗಲ್ಲ, ಉದ್ದ ಲೆನ್ಸಲ್ಲಿ ಬ್ಯಾಕ್‌ಗ್ರೌಂಡ್ ಮಾತ್ರ ಪೂರ್ತಿ ಬದಲಾಗುತ್ತೆ. ಹಕ್ಕಿ ತಲೆ ತಿರುಗಿಸೋವರೆಗೂ ಕಾಯೋ ಸಮಯ ಇರುತ್ತಲ್ಲ, ಈ ಕೆಲಸ ಆಗ ಮಾಡಿ ಮುಗಿಸಿ.

ಹಕ್ಕಿ ಫ್ರೇಮ್ ತುಂಬಲೇಬೇಕು ಅನ್ನೋ ಹಟ ಬೇಡ. ಜೊಂಡಿನ ನಡುವೆ, ದೊಡ್ಡ ಬಂಡೆ ಮೇಲೆ ಪುಟ್ಟದಾಗಿ ಕೂತ ಹಕ್ಕಿಯ ಫೋಟೋ ಅದು ಬದುಕೋ ಜಾಗದ ಕಥೆ ಹೇಳುತ್ತೆ, ಅದರಲ್ಲೂ ಆ ಒಂದು ಚುಕ್ಕಿ ಕಣ್ಣಲ್ಲಿ ಬೆಳಕಿದ್ರೆ ಹುಡುಕಿ ನೋಡ್ತಾರೆ ಜನ.

ಹಾರಾಟ, ಮತ್ತೆ ಒಂದಕ್ಕಿಂತ ಹೆಚ್ಚು ಹಕ್ಕಿ

ಹಾರೋ ಹಕ್ಕಿಯ ಕಣ್ಣು ಬೇಕಾದ್ರೆ ಗಾಳಿ ನೋಡಿ. ಹಕ್ಕಿಗಳು ಏಳೋದೂ ಇಳಿಯೋದೂ ಸಾಮಾನ್ಯವಾಗಿ ಗಾಳಿಗೆ ಎದುರಾಗಿ. ಗಾಳಿನೂ ಸೂರ್ಯನೂ ಎರಡೂ ನಿಮ್ಮ ಬೆನ್ನ ಹಿಂದಿಂದ ಬರೋ ಜಾಗದಲ್ಲಿ ನಿಂತ್ರೆ ಹಕ್ಕಿ ನಿಮ್ಮ ಕಡೆ ಮುಖ ಮಾಡಿ ಇಳಿಯುತ್ತೆ, ಮುಖದ ಮೇಲೆ ಬೆಳಕೂ ಬೀಳುತ್ತೆ. ಗಾಳಿ ಎದುರಿಂದ ಬಂದ್ರೆ ಇಡೀ ಬೆಳಗ್ಗೆ ಹಿಂಭಾಗದ ಫೋಟೋಗಳೇ. ರೆಕ್ಕೆ ಪೂರ್ತಿ ಮೇಲೆ ಅಥವಾ ಪೂರ್ತಿ ಕೆಳಗಿದ್ದಾಗ ಮುಖ ಬಿಡುವಾಗಿ ಕಾಣುತ್ತೆ, ಮಧ್ಯದಲ್ಲಿದ್ದಾಗ ರೆಕ್ಕೆ ಒಂದು ಗೆರೆ ಥರ ಆಗುತ್ತೆ, ಕೆಲವೊಮ್ಮೆ ಅದರ ನೆರಳು ಕಣ್ಣ ಮೇಲೂ ಬೀಳುತ್ತೆ. ಕೂತ ಹಕ್ಕಿ ಹಿಕ್ಕೆ ಹಾಕಿ, ಮೈ ಮುಂದಕ್ಕೆ ಬಾಗಿಸಿತು ಅಂದ್ರೆ ಏಳೋ ಹೊತ್ತಾಯ್ತು, ಝೂಮ್ ಹಿಂದಕ್ಕೆ ತಗೊಂಡು ಮುಂದೆ ಜಾಗ ಬಿಟ್ಟು ರೆಡಿ ಇರಿ. ಸ್ನಾನ ಮಾಡಿದ ನೀರುಹಕ್ಕಿ ಎದ್ದು ನಿಂತು ರೆಕ್ಕೆ ಕೊಡವೋದು ಹೆಚ್ಚುಕಮ್ಮಿ ಗ್ಯಾರಂಟಿ, ಅದಕ್ಕೂ ಮುಂಚೇನೇ ಫ್ರೇಮ್ ಸಡಿಲ ಮಾಡ್ಕೊಳ್ಳಿ.

ಜೋಡಿ ಹಕ್ಕಿಗಳಿದ್ರೆ ಎರಡರ ಕಣ್ಣೂ ಒಂದೇ ದೂರದಲ್ಲಿ ಬರೋ ಹಾಗೆ ನೀವು ಜರುಗಬೇಕು, ಆಗದೇ ಹೋದ್ರೆ ಹತ್ತಿರದ್ದರ ಕಣ್ಣಿಗೆ ಫೋಕಸ್. ಎರಡೂ ಒಂದನ್ನೊಂದು ನೋಡ್ತಿದ್ರೆ ಜಾಗ ಅವುಗಳ ನಡುವೆ ಬಿದ್ದು ಫೋಟೋ ಒಳಗೇ ಕೂರುತ್ತೆ. ಬೆನ್ನುಬೆನ್ನಾಗಿ ಆಚೆ ಈಚೆ ನೋಡ್ತಿದ್ರೆ ಫ್ರೇಮ್ ಹರಿದು ಹೋದಂಗಾಗುತ್ತೆ, ಬಿಡಿ.

ಹೆದರಿಸಿ ತಂದ ನೋಟ ಬೇಡ

ಕಣ್ಣಿಗೆ ಕಣ್ಣು ಸೇರಬೇಕು ಅಂತ ಹಕ್ಕಿ ತಿರುಗಲಿ ಅಂತ ಶಿಳ್ಳೆ ಹೊಡೆಯೋದು, ಚಪ್ಪಾಳೆ ತಟ್ಟೋದು, ಮೊಬೈಲಲ್ಲಿ ಅದರ ಕೂಗು ಹಾಕೋದು ಮಾಡ್ತಾರೆ. ದಯವಿಟ್ಟು ಮಾಡಬೇಡಿ. ನಮ್ಮ ನೋಟವನ್ನ ಹಕ್ಕಿ ಎಷ್ಟು ಸೂಕ್ಷ್ಮವಾಗಿ ಗಮನಿಸುತ್ತೆ ಅಂದ್ರೆ, 2008ರಲ್ಲಿ ಸ್ಟಾರ್ಲಿಂಗ್ (ಮೈನಾ ಕುಟುಂಬದ) ಹಕ್ಕಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಪಕ್ಕದಲ್ಲಿದ್ದ ಮನುಷ್ಯ ಆಹಾರದ ಬಟ್ಟಲನ್ನೇ ನೋಡ್ತಿದ್ರೆ ಅವು ತಿನ್ನೋಕೆ ಬರೋದಕ್ಕೆ ಹಿಂಜರಿದ್ವು, ಕಣ್ಣು ಬೇರೆ ಕಡೆ ಇದ್ರೆ ಬೇಗ ಬಂದ್ವು. ಹಕ್ಕಿಗೆ ನೆಟ್ಟ ನೋಟ ಅಂದ್ರೆ ಬೇಟೆಗಾರ. ಹೆದರಿದ ಹಕ್ಕಿ ಫೋಟೋದಲ್ಲೂ ಗೊತ್ತಾಗುತ್ತೆ: ಕತ್ತು ಉದ್ದ ಚಾಚಿರುತ್ತೆ, ಪುಕ್ಕ ಮೈಗೆ ಅಂಟಿರುತ್ತೆ, ಮೇಯೋದು ನಿಂತಿರುತ್ತೆ. ನಿಶ್ಚಿಂತೆಯಾಗಿರೋ ಹಕ್ಕಿ ಪುಕ್ಕ ಉಬ್ಬಿಸಿ ಸಡಿಲವಾಗಿರುತ್ತೆ, ತನ್ನ ಕೆಲಸದ ನಡುವೆ ತಾನಾಗೇ ತಲೆ ಈಕಡೆ ತಿರುಗಿಸುತ್ತೆ. ನಮಗೆ ಬೇಕಾಗಿರೋದು ಆ ನೋಟ.

ನೇರ ಅದರ ಕಡೆಗೇ ನಡೀಬೇಡಿ, ಓರೆಯಾಗಿ, ನಿಧಾನಕ್ಕೆ, ನಿಂತು ನಿಂತು ಹೋಗಿ, ಮಧ್ಯೆ ಕಣ್ಣು ಬೇರೆ ಕಡೆ ತಗೀರಿ. ಇನ್ನೂ ವಾಸಿ, ಮೊದಲೇ ಹೋಗಿ ಕೂತುಬಿಡಿ, ಹಕ್ಕಿ ನಿಮ್ಮ ಹತ್ರ ಬರಲಿ. ಸೈಲೆಂಟ್ ಶಟರ್ ಇದ್ರೆ ಹಾಕ್ಕೊಳ್ಳಿ. ಕತ್ತು ಚಾಚಿ ಒಂದೇ ಕಣ್ಣಲ್ಲಿ ನಿಮ್ಮನ್ನೇ ದಿಟ್ಟಿಸ್ತಿದ್ರೆ ಅಲ್ಲೇ ನಿಲ್ಲಿ, ಸರಿಹೋಗದಿದ್ರೆ ಹಿಂದೆ ಬನ್ನಿ. ಕೊಕ್ಕಲ್ಲಿ ಹುಳ ಹಿಡ್ಕೊಂಡು ಗೂಡಿಗೆ ಹೋಗದೇ ಅಲ್ಲೇ ಓಡಾಡ್ತಿದ್ರೆ, ಅಥವಾ ನೆಲದ ಮೇಲೆ ರೆಕ್ಕೆ ಮುರಿದಂಗೆ ನಾಟಕ ಮಾಡ್ತಿದ್ರೆ ಹತ್ರದಲ್ಲೇ ಮರಿಗಳಿವೆ, ಒಂದು ಫ್ರೇಮೂ ತೆಗೀದೆ ಅಲ್ಲಿಂದ ಹೊರಡಿ.

ಮನೆಗೆ ಬಂದು ಆರಿಸೋವಾಗ

ಎಲ್ಲಾ ಫ್ರೇಮನ್ನೂ ನೂರಕ್ಕೆ ನೂರು ದೊಡ್ಡದು ಮಾಡಿ ಕಣ್ಣು ಮಾತ್ರ ನೋಡ್ತಾ ಹೋಗಿ, ಗುಂಡಗಿದೆಯಾ, ಶಾರ್ಪ್ ಇದೆಯಾ, ಚುಕ್ಕಿ ಇದೆಯಾ. ಇಲ್ಲದ್ದನ್ನ ಮೊದಲು ತೆಗೆದುಬಿಡಿ, ಉಳಿದಿದ್ದರಲ್ಲಿ ಭಂಗಿ, ಬ್ಯಾಕ್‌ಗ್ರೌಂಡ್ ನೋಡಿ. ಕ್ರಾಪ್ ಮಾಡುವಾಗ ನೋಟದ ಮುಂದೆ ಜಾಗ ಉಳಿಸಿ. ಎಡಿಟಿಂಗಲ್ಲಿ ಕಣ್ಣಿನ ಮೇಲೆ ಮಾಸ್ಕ್ ಹಾಕಿ, ಅಂದ್ರೆ ಕಣ್ಣನ್ನಷ್ಟೇ ಆಯ್ಕೊಂಡು, ಎಕ್ಸ್‌ಪೋಶರ್ ಕಾಲು ಸ್ಟಾಪಿಂದ ಅರ್ಧ ಸ್ಟಾಪಿನಷ್ಟು (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು) ಎತ್ತಬಹುದು, ಅದಕ್ಕಿಂತ ಜಾಸ್ತಿ ಹೋದ್ರೆ ಗಾಜಿನ ಕಣ್ಣಾಗುತ್ತೆ. ಇಲ್ಲದ ಕ್ಯಾಚ್‌ಲೈಟನ್ನ ಬ್ರಷ್‌ನಲ್ಲಿ ಬರೆಯೋದು ಬೇಡ, ಎರಡನೇ ದಿನ ಅದೇ ಜಾಗಕ್ಕೆ ಬೆಳಕು ಕೆಳಗಿರೋ ಹೊತ್ತಿಗೆ ಹೋಗಿ ಕೂತ್ರೆ ನಿಜವಾದದ್ದೇ ಸಿಗುತ್ತೆ.